ಕೆಂಪು ಬೊಟ್ಟಿನ ರೋಗಿಗಳು

ಧಾರವಾಡದ ಒಂದು ಸಂಶೋಧನಾಲಯದಲ್ಲಿ ಇಲಿ ನೋಡಿಕೊಳ್ಳುವ ನೀಲವ್ವನ ಎದೆಯಲ್ಲಿ ಆಯುಧಪೂಜೆಯ ದಿನ ಅವಲಕ್ಕಿ ಕುಟ್ಟಿದಂತಾಗುತ್ತಿತ್ತು. ನಡುಕ ರೋಗದ ಇಲಿಗಳಲ್ಲಿ ಯಾವುದು ಓಡಾಡಿತು, ಯಾವುದು ಮಂಕಾಯಿತು ಎಂದು ಇಪ್ಪತ್ತು ವರ್ಷ ಕಣ್ಣಿಟ್ಟು ಬರೆದವಳು ಅವಳು. ಈಗ ಡಾಕ್ಟರ್ ಹಂಚಿನಮನಿ ಆ ಕೆಲಸಕ್ಕೊಂದು ಯಂತ್ರ ಕಟ್ಟಿದ್ದರು. ಇಲಿಯ ಬೆನ್ನಿಗೆ ಕೆಂಪು ಬೊಟ್ಟಿಟ್ಟರೆ ಸಾಕು, ಅದು ಕ್ಯಾಮೆರಾ ಕಣ್ಣಿನಿಂದ ಬೊಟ್ಟಿನ ಓಡಾಟ ಅಳೆದು, ರೋಗ ಎಷ್ಟನೇ ಹಂತದಲ್ಲಿದೆ ಎಂದು ಸಂಸ್ಥೆಯ ಮುದ್ರೆಯೊತ್ತಿ ಚೀಟಿ ಉಗುಳುತ್ತಿತ್ತು. ಯಂತ್ರ ಗೆದ್ದರೆ ನೀಲವ್ವ ಮನೆಗೆ.

“ಮನಷ್ಯಾ ತಪ್ಪತಾನ, ಇದು ತಪ್ಪೂದಿಲ್ಲ!” ಎಂದು ಹಂಚಿನಮನಿ ಎಲ್ಲರೆದುರು ಗುಂಡಿ ಒತ್ತಿದರು.

ಕರ್ಪೂರದ ಹೊಗೆ ಆಗದೆಂದು ಇಲಿಗಳನ್ನು ಹೊರಗಿಟ್ಟಿದ್ದರು. ಯಂತ್ರಕ್ಕೆ ಚೆಂಡುಹೂವಿನ ಹಾರ ಬಿತ್ತು, ಎಲ್ಲರ ಹಣೆಗೂ ಕುಂಕುಮ ಬಂತು. ಆಮೇಲೆ ಗಿರಮಿಟ್ಟು, ಮಿರ್ಚಿ ಭಜಿ, ಹರಟೆ. ಎರಡು ಗಂಟೆ ಕಳೆಯಿತು.

ಯಂತ್ರ ಕಟಕಟ ಎಂದು ಕತ್ತು ತಿರುಗಿಸಿ, ಕುರ್ಚಿ ಬಿಟ್ಟೇಳದ ನಿರ್ದೇಶಕ ಕುಪ್ಪಸಗೌಡರ ಹಣೆಯ ಬೊಟ್ಟನ್ನು ನೋಡಿತು. ಚೀಟಿ ಬಂತು: ‘ಅಲುಗಾಟ ನಾಲ್ಕು ಬೆರಳು. ಕೊನೆಯ ಹಂತ.’ ಗುಮಾಸ್ತ ಬಸಪ್ಪನಿಗೆ: ‘ಆಹಾರದ ಕಡೆಗಷ್ಟೇ ಚಲನೆ. ಮೂರನೇ ಹಂತ.’ ಗಾಬರಿಯಿಂದ ಯಂತ್ರದ ಸುತ್ತ ತಿರುಗುತ್ತಿದ್ದ ಹಂಚಿನಮನಿಯವರಿಗೆ: ‘ಒಂದೇ ಕಡೆ ಗಿರಕಿ. ರೋಗ ಮಿದುಳಿಗೇರಿದೆ.’ ಚಹಾ ಕೊಡುತ್ತ, ಹೊರಗೆ ಹೋಗಿ ಇಲಿ ನೋಡಿ ಬರುತ್ತಿದ್ದ ನೀಲವ್ವ ಒಬ್ಬಳಿಗೆ: ‘ಪೂರ್ಣ ಆರೋಗ್ಯ.’

ನೀಲವ್ವ ಸ್ವಿಚ್ಚಿಗೆ ಕೈ ಚಾಚಿದಾಗ ಎಲ್ಲರೂ ಹೌಹಾರಿದರು. ಪೂಜೆಯಾದ ಯಂತ್ರವನ್ನು ಮರುದಿನದವರೆಗೆ ಮುಟ್ಟುವುದುಂಟೇ? ಅದು ಉಗುಳುತ್ತಲೇ ಇತ್ತು. ಕುಪ್ಪಸಗೌಡರು ಕೆಂಡವಾದರು. ಯಂತ್ರ ತಪ್ಪಿದೆ ಎಂದು ಬರೆದುಕೊಡಿ, ಇಲ್ಲವೇ ನಾನು ರೋಗಿ ಎನ್ನಿ ಎಂದು ಹಂಚಿನಮನಿಯವರನ್ನು ಹಿಡಿದುಕೊಂಡರು.

ತಮ್ಮ ಯಂತ್ರ ತಪ್ಪಿತೆಂದು ಬರೆಯಲು ಹಂಚಿನಮನಿಗೆ ಮನಸ್ಸು ಬರಲಿಲ್ಲ. “ತಾವು ರೋಗೀನ ಸರ್. ನನಗೂ ಹತ್ತೇತಿ.”

ಯಂತ್ರವೇ ಗೆದ್ದಿತೆಂದು ನೀಲವ್ವ ತನ್ನ ಚೀಲ ಕಟ್ಟತೊಡಗಿದಳು. ಕುಪ್ಪಸಗೌಡರು ಚೀಟಿಯನ್ನು ಮತ್ತೆ ಓದಿದರು. ಮುದ್ರೆಯ ಮೇಲೆ ಬೆರಳಾಡಿಸಿದರು. ಮುಖ ನಿಧಾನಕ್ಕೆ ಅರಳಿತು.

“ಅರ್ಜಿಗೆ ಇದನ್ನ ಹಚ್ಚಿದ್ರ ರಜಾ ಸಿಗತೈತಲ್ಲ?”

“ಸಂಬಳದ ಸಮೇತ ಸರ್,” ಎಂದ ಬಸಪ್ಪ.

ವಾರದೊಳಗೆ ಇಡೀ ಸಂಸ್ಥೆ ಆರು ತಿಂಗಳ ಅನಾರೋಗ್ಯ ರಜೆಯ ಮೇಲೆ ಹೋಯಿತು. ಅರ್ಜಿ ಹಾಕಲು ನೀಲವ್ವನ ಬಳಿ ಮಾತ್ರ ಕಾಯಿಲೆ ಇರಲಿಲ್ಲ. ಇಲಿಗೆ ಕಾಳು ಹಾಕಿ, ಫೋನು ಎತ್ತಿ, ನಿರ್ದೇಶಕರ ಪರವಾಗಿ ರುಜು ಹಾಕಿ ಅವಳು ಹೈರಾಣಾದಳು. ಯಂತ್ರದಿಂದ ಅವಳ ಕೆಲಸವೇನೂ ಹೋಗಲಿಲ್ಲ, ಉಳಿದವರದೂ ಅವಳಿಗೇ ಬಂತು.