ಡೆಲ್ಮರನ ನೇರ ಸಾಲು

ಇಂಡಿಯಾನಾದ ಆ ಪುಟ್ಟ ಊರಿನಲ್ಲಿ ಚರ್ಚಿನ ಸ್ಮಶಾನದ ಹುಲ್ಲು ಕತ್ತರಿಸುವವನು ಡೆಲ್ಮರ್ ಹಾಕ್‌ಮನ್. ಇಪ್ಪತ್ತೆರಡು ವರ್ಷದಿಂದ ಅವನದೇ ಪಟ್ಟ. ಸಂಬಳವಿಲ್ಲ, ಗೌರವ ಮಾತ್ರ. (ಅದನ್ನೂ ಹೆಚ್ಚಾಗಿ ಅವನೇ ಕೊಟ್ಟುಕೊಳ್ಳುತ್ತಿದ್ದ.) ಮೇ ತಿಂಗಳ ಕೊನೆಯ ಸೋಮವಾರ ಊರೂರುಗಳಿಂದ ಮಕ್ಕಳು ಮೊಮ್ಮಕ್ಕಳು ಸಮಾಧಿಗಳಿಗೆ ಹೂವಿಡಲು ಬರುವ ಹೊತ್ತಿಗೆ ಹುಲ್ಲಿನ ಮೇಲೆ ಅವನ ಸಾಲುಗಳು ದಾರ ಹಿಡಿದು ಎಳೆದಂತಿರಬೇಕು.

ಈ ವರ್ಷ ಮೊಣಕಾಲು ಕೈಕೊಟ್ಟಿತು. ಮೊಣಕಾಲು ಬದಲಿಸುವ ಆಪರೇಷನ್ ಆಗಿ ಅವನು ಕಾಲು ಚಾಚಿ ಕೂತ ಆರು ವಾರ, ಹತ್ತಿ ಕೂತು ಹುಲ್ಲು ಕತ್ತರಿಸುವ ಯಂತ್ರ ಓಡಿಸಿದವಳು ಹೆಂಡತಿ ಲೊರೀನ್. ಓಡಿಸಿದ್ದು ತಪ್ಪಲ್ಲ, ಚೆನ್ನಾಗಿ ಓಡಿಸಿದ್ದು ತಪ್ಪು. ಸ್ಮಶಾನ ಸಮಿತಿಯ ಅಧ್ಯಕ್ಷ ವರ್ಜಿಲ್ ಸ್ಟ್ರೂಬೆ ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಕಾಫಿ ಕುಡಿಯುತ್ತಾ, "ನಿನ್ನ ಹೆಂಡ್ತಿ ಕೈ ಬಲು ನೇರ ಕಣಯ್ಯಾ. ಶನಿವಾರ ನೋಡಿ ಹೇಳ್ತೀವಿ, ಯಾರು ಮುಂದುವರೀಬೇಕು ಅಂತ" ಎಂದುಬಿಟ್ಟ. ಹೊಲವನ್ನು ಅಳಿಯನಿಗೆ ವಹಿಸಿದ ಮೇಲೆ ತನ್ನದೆಂದು ಡೆಲ್ಮರನಿಗೆ ಉಳಿದಿದ್ದು ಈ ಕೆಲಸವೊಂದೇ.

ಶನಿವಾರ ಬೆಳಿಗ್ಗೆ ದಂಪತಿ ಸ್ಮಶಾನದ ಗೇಟಿನ ಬಳಿ ಯಂತ್ರ ಇಳಿಸಿದರು. ಇದಕ್ಕೆ ಸ್ಟೀರಿಂಗ್ ಚಕ್ರವಿಲ್ಲ. ತೊಡೆಯ ಮೇಲೆ ಬರುವ ಎರಡು ಹಿಡಿಕೋಲುಗಳು, ಒಂದೊಂದು ಗಾಲಿಗೆ ಒಂದೊಂದು. ಒಂದನ್ನು ದೂಡಿ ಇನ್ನೊಂದನ್ನು ಎಳೆದರೆ ನಿಂತಲ್ಲೇ ಗಿರ್ರನೆ ತಿರುಗುತ್ತದೆ. ಐದಡಿಯ ಲೊರೀನ್ ಕೋಲುಗಳನ್ನು ತನ್ನ ಅಳತೆಗೆ ಇಳಿಸಿದ್ದಳು. ಆರಡಿ ಮೂರಂಗುಲದ ಡೆಲ್ಮರ್ ಹತ್ತಿ ಕೂತರೆ ಅವು ನೇರ ಹೊಸ ಮೊಣಕಾಲಿಗೇ ಬಡಿದವು.

"ಅಯ್ಯಯ್ಯೋ! ಗೊಂಬೆ ಗಾಡಿ ಮಾಡಿಟ್ಟಿದ್ದೀಯಲ್ಲೇ ಇದನ್ನ!"

"ಬೋಲ್ಟು ಬಿಚ್ಚಿ ಮೇಲಿನ ತೂತಿಗೆ ಹಾಕ್ಕೊಳ್ಳಿ. ಅದಕ್ಯಾಕೆ ಈ ರಂಪ?"

ಹಾಕಿಕೊಂಡ. ಓಡಿಸಿ ನೋಡಿದರೆ ಯಂತ್ರ ಎಡಕ್ಕೆ ಎಳೆಯಿತು.

"ನೋಡು, ನಿನ್ನ ಸಹವಾಸದಲ್ಲಿ ಕೆಟ್ಟ ಚಾಳಿ ಕಲ್ತಿದೆ."

"ಮೊದ್ಲು ಎಡಗಡೆ ಟೈರಿನ ಗಾಳಿ ನೋಡ್ರಿ, ಮೆತ್ತಗೆ ಕಾಣ್ತಿದೆ."

"ನಲವತ್ತು ವರ್ಷ ಟ್ರ್ಯಾಕ್ಟರ್ ಓಡಿಸ್ದೋನಿಗೆ ಗಾಳಿ ಪಾಠ ಹೇಳಕ್ ಬಂದ್ಲು!"

ಬಲಗಾಲಿಯ ವೇಗ ತಗ್ಗಿಸುವ ಬೋಲ್ಟನ್ನು ಅವನು ಅರ್ಧ ಸುತ್ತು ತಿರುಗಿಸಿದ. ನೇರ ಹೋಯಿತು, ಹತ್ತು ನಿಮಿಷ. ಮತ್ತೆ ಎಡಕ್ಕೆ. ಮತ್ತೆ ಅರ್ಧ ಸುತ್ತು. ಟೈರಿಗೆ ಮುಳ್ಳು ಚುಚ್ಚಿ ಗಾಳಿ ಸಣ್ಣಗೆ ಹೋಗುತ್ತಲೇ ಇತ್ತು. ಅದು ಹೋದಷ್ಟೂ ಇವನು ತಿರುಗಿಸಿದ. ಆ ಹೊತ್ತಿಗೆ ದೇವರೇ ಇಳಿದು ಬಂದು "ಗಾಳಿ ನೋಡಪ್ಪಾ" ಎಂದಿದ್ದರೂ ಅವನು ಸ್ಪ್ಯಾನರ್ ಕೆಳಗಿಡುತ್ತಿರಲಿಲ್ಲ.

ಸಮಿತಿಯವರು ಮಡಚುವ ಕುರ್ಚಿ ಹಿಡಿದು ಬಂದರು. ಡೆಲ್ಮರ್ ರಾಜಗಾಂಭೀರ್ಯದಿಂದ ಹೊರಟ. ಮೊದಲ ಸಾಲು ನೇರ. ಎರಡನೆಯದರ ನಡುವೆ ಯಂತ್ರ ಎಡಕ್ಕೆ ಹೊರಳಿತು. ಗಾಬರಿಯಲ್ಲಿ ಬಲಗೋಲನ್ನು ಜಗ್ಗಿದ. ಯಂತ್ರ ಎರಡು ಸುತ್ತು ಗಿರಕಿ ಹೊಡೆದು, ಒಂದು ಸಮಾಧಿಕಲ್ಲಿಗೆ ಧಡ್ ಎಂದು ಗುದ್ದಿ ನಿಂತಿತು. ಸತ್ತವರಿಗೆ ಮರ್ಯಾದೆ ತೋರುವಂತೆ ಸಮಿತಿಯವರೆಲ್ಲ ಟೋಪಿ ತೆಗೆದರು.

ವರ್ಜಿಲ್ ಬಂದು ಬಗ್ಗಿ ಓದಿದ: "ಡೆಲ್ಮರ್ ಹಾಕ್‌ಮನ್. ಜನನ ೧೯೫೧."

ಊರಿನ ರೂಢಿಯಂತೆ ಗಂಡಹೆಂಡಿರು ಮುಂಚಿತವಾಗಿಯೇ ನಿಲ್ಲಿಸಿದ್ದ ಜೋಡಿ ಕಲ್ಲು ಅದು. ಮುಂದಿನ ಇಸವಿಗಳಿಗೆ ಜಾಗ ಬಿಟ್ಟಿತ್ತು. ಚಕ್ಕೆ ಎದ್ದಿದ್ದು ಡೆಲ್ಮರನ ಕಡೆ. ಲೊರೀನಳ ಹೆಸರಿಗೆ ಗೀರೂ ಬಿದ್ದಿರಲಿಲ್ಲ.

"ಸದ್ಯ, ಕಲ್ಲಿನ ಯಜಮಾನ ಇನ್ನೂ ಬದುಕಿದ್ದಾನೆ. ದೂರು ಬೇಕಾದ್ರೆ ಅವನೇ ಕೊಡ್ಲಿ" ಎಂದ ವರ್ಜಿಲ್, ನಗದೆ.

ಲೊರೀನ್ ಟೈರಿನ ಮುಳ್ಳು ಕಿತ್ತು, ತೂತು ಮುಚ್ಚಿ, ಗಾಳಿ ಹೊಡೆದಳು. ಬೋಲ್ಟನ್ನು ಮೊದಲಿನಂತೆ ಮಾಡಿ, ಕೋಲುಗಳನ್ನು ಕೆಳಗಿನ ತೂತಿಗೆ ಇಳಿಸಿ ಹತ್ತಿ ಕೂತಳು. ಒಂದರ ಪಕ್ಕ ಒಂದು ಸಾಲು ಬಿತ್ತು, ಒಂದೂ ಸೊಟ್ಟವಿಲ್ಲ.

ವರ್ಜಿಲ್ ಡೆಲ್ಮರನ ಕೈಗೆ ಹುಲ್ಲುಗತ್ತರಿ ಇಟ್ಟ. "ಕಲ್ಲಿನ ಬುಡಕ್ಕೆ ಯಂತ್ರ ಹೋಗಲ್ಲ ನೋಡು. ಅದಕ್ಕೆ ಅನುಭವಸ್ಥರೇ ಬೇಕು."

ಮಂಡಿಯೂರುವಂತಿರಲಿಲ್ಲ. ಡೆಲ್ಮರ್ ತನ್ನ ಕಲ್ಲಿನ ಮುಂದೆಯೇ ಕಾಲು ಚಾಚಿ ಕೂತು, ತನ್ನ ಹೆಸರಿನ ಕೆಳಗಿನ ಹುಲ್ಲನ್ನು ಒಂದೊಂದೇ ಎಸಳು ಕತ್ತರಿಸತೊಡಗಿದ. ಇಪ್ಪತ್ತೆರಡು ವರ್ಷ! ದುಃಖ ಉಕ್ಕಿ ಬಂತು. ಕಣ್ಣೀರು ಯಾರಿಗೂ ಕಾಣದಿರಲೆಂದು ಟೋಪಿಯನ್ನು ಮುಖಕ್ಕೆ ಎಳೆದುಕೊಂಡು ಮೆಲ್ಲಗೆ ಹಿಂದಕ್ಕೆ, ತನಗೆಂದೇ ಕಾದಿರಿಸಿದ ಜಾಗದ ಹುಲ್ಲಿನ ಮೇಲೆ ಒರಗಿದ.

ಯಂತ್ರ ಹತ್ತಿರ ಬಂದು ನಿಂತಿತು.

"ರೀ, ಏಳ್ರಿ ಮೇಲೆ! ಅಲ್ಲಿ ಆಮೇಲೆ ಮಲಗೀರಂತೆ, ಆ ಜಾಗದ ಹುಲ್ಲು ನಾನಿನ್ನೂ ಕತ್ತರಿಸಿಲ್ಲ!"