ಆಧಾರವಿಲ್ಲದ ಮಾತು

ಕಾಫಿಗೆ ಒಳ್ಳೆ ರೇಟು ಬಂದ ತೊಂಬತ್ತೇಳರಲ್ಲೇ ಬಾಳೂರಿನ ಎಸ್ಟೇಟಿನ ಧಣಿ ಪರಮೇಶ್ವರಪ್ಪನವರು ತೀರಿಕೊಂಡರು. ಶಿವಗಣಾರಾಧನೆಯ ಬೆಳಿಗ್ಗೆ ಅವರ ಹೆಂಡತಿ ವಿಮಲಮ್ಮ ತೋಟದ ಲೆಕ್ಕಪತ್ರ ಬರೆಯುವ ಹಂಗಾಮಿ ರೈಟರ್ ದೇವರಾಜನನ್ನು ಕರೆಸಿದರು.

“ಊಟಕ್ಕೆ ಮುಂಚೆ ನಮ್ಮವ್ರ ಬಗ್ಗೆ ನಾಲ್ಕು ಮಾತು ಬರ್ದು ಓದು. ನೀನು ಬರೆಯೋದು ಹೆಂಗೆ ಅಂತ ನೋಡಿ ಖಾಯಂ ಮಾಡೋ ವಿಚಾರ ಹೇಳ್ತೀನಿ.”

ಖಾಯಂ ಆದರೆ ಕೂಲಿ ಲೈನಿನ ಕೋಣೆ ಬಿಟ್ಟು ಹೆಂಚಿನ ಕ್ವಾರ್ಟರ್ಸು. ಹೆಣ್ಣು ಕೊಡುವವರೂ ಸಿಗುತ್ತಿದ್ದರು. ದೇವರಾಜ ಎರಡು ಪುಟ ತುಂಬ ಹೊಗಳಿ ಬರೆದ.

ಸಾವಿನ ಮನೆಯಲ್ಲಿ ಅಳುವವರಿಗಿಂತ ಸಲಹೆ ಕೊಡುವವರೇ ಹೆಚ್ಚು. ಚಿಕ್ಕಮಗಳೂರಿನ ಕಾಲೇಜಿನಲ್ಲಿ ತರ್ಕಶಾಸ್ತ್ರ ಹೇಳಿ ನಿವೃತ್ತರಾಗಿದ್ದ ಪಕ್ಕದ ತೋಟದ ಏಕಾಂತಪ್ಪನವರು ಹಾಳೆ ಕಸಿದುಕೊಂಡರು.

“ಆಧಾರ ಇಲ್ದಿರೋ ಮಾತು ಬರವಣಿಗೆಗೆ ಕಳೆ ಇದ್ದಂಗೆ, ಮಾರಾಯ. ‘ಅಜಾತಶತ್ರು’ ಅಂದಿದೀಯ. ಕೋರ್ಟಲ್ಲಿ ಅವ್ರ ಕೇಸಿರ್ಲಿಲ್ವಾ?”

“ಇದ್ವು ಸಾರ್.”

“ತೆಗಿ. ‘ಮಹಾದಾನಿ’?”

“ಶಾಲೆಗೆ ಜಾಗ ಕೊಡ್ತೀನಿ ಅಂದಿದ್ರು.”

“ಕೊಟ್ರಾ?”

ಅದೂ ಹೋಯಿತು.

“‘ಮೃದು ಹೃದಯಿ’ ಅಂತಾದ್ರೂ ಇರ್ಲಿ ಸಾರ್, ಸತ್ತೋರು” ಎಂದು ದೇವರಾಜ ಗೋಗರೆದ. ಏಕಾಂತಪ್ಪನವರು ಪಕ್ಕದಲ್ಲಿ ನಿಂತಿದ್ದ ತೋಟದ ಮೇಸ್ತ್ರಿ ಬೆಳ್ಳಿಯಪ್ಪನ ಮುಖ ನೋಡಿದರು. ಬೆಳ್ಳಿಯಪ್ಪ ಕೆನ್ನೆ ಸವರಿಕೊಂಡ. ಅದಕ್ಕೂ ಗೀಟು ಬಿತ್ತು.

“‘ತುಂಬಲಾರದ ನಷ್ಟ.’ ಯಾರಿಗೆ?”

ಏಕಾಂತಪ್ಪನವರು ತಾವೇ ಅದನ್ನೂ ಹೊಡೆದುಹಾಕಿದರು. ಕೊನೆಗೆ ಆ ಬರಹ ಕೊಂಬೆ ಕಡಿಯುವ ಮರಗಸಿ ಮುಗಿದ ಮರದಂತೆ ಬೋಳಾಗಿ ಉಳಿಯಿತು. ಹೊಸದಾಗಿ ಸೇರಿಸಲು ಹೊತ್ತಿರಲಿಲ್ಲ, ಎಲೆ ಹಾಕಿಯಾಗಿತ್ತು. ದೇವರಾಜ ಎದ್ದು ನಿಂತು ಓದಿದ.

“ಪರಮೇಶ್ವರಪ್ಪನವರು ಬಾಳೂರಿನಲ್ಲಿ ಹುಟ್ಟಿದರು. ಕಾಫಿ ಬೆಳೆದರು. ಎಲ್ಲರೂ ಅವರಿಗೆ ಹೆದರುತ್ತಿದ್ದರು. ತೀರಿಕೊಂಡರು.”

ಪಂಕ್ತಿಯಲ್ಲಿ ಕೂತವರು ಎಲೆ ನೋಡತೊಡಗಿದರು. ಅನ್ನಕ್ಕೆ ಕಲ್ಲು ಬಿತ್ತೆಂದು ದೇವರಾಜ ಹಾಳೆ ಮಡಚಿದ. ಆದರೆ ವಿಮಲಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಹತ್ತಿರ ಬಂದರು.

“ಇಷ್ಟು ವರ್ಷ ಬಾಳಿದೀನಿ ಅವ್ರ ಜೊತೆ. ಈ ನಿಜಾನ ಯಾರೂ ಬಾಯಿಬಿಟ್ಟು ಹೇಳಿರ್ಲಿಲ್ಲ ಕಣಪ್ಪ. ಹೊಟ್ಟೆ ತಣ್ಣಗಾಯ್ತು.”

ಏಕಾಂತಪ್ಪನವರು ಹೆಮ್ಮೆಯಿಂದ ಶಲ್ಯ ಸರಿಮಾಡಿಕೊಂಡರು. ದೇವರಾಜನಿಗೆ ಹೋದ ಜೀವ ಬಂತು.

“ಹಂಗಾದ್ರೆ ಅಮ್ಮಾ, ಕೆಲ್ಸ?”

“ಅದೇ ಸಂಕಟ. ನಾಳೆ ಲೇಬರ್ ಇನ್ಸ್‌ಪೆಕ್ಟರ್ ಬರ್ತಾರೆ. ಆಳುಗಳಿಗೆ ಕೊಡ್ದಿರೋ ಕಂಬಳಿ ಕೊಟ್ಟಿದೀವಿ, ಇಲ್ದಿರೋ ನರ್ಸು ಇದಾಳೆ ಅಂತೆಲ್ಲ ಬರೀಬೇಕು. ರೈಟರ್ ಅಂದ್ರೆ ಅದೇ ಅಲ್ವಾ? ಪಾಪ, ನಿನ್ನಂಥೋನ ಕೈಲಿ ಅದಾಗಲ್ಲ. ಊಟ ಮಾಡ್ಕಂಡು ಹೋಗು.”

ದೇವರಾಜ ಕಂಗಾಲಾಗಿ ಕೈಮುಗಿದ. “ಆಗುತ್ತೆ ಅಮ್ಮಾ! ಬೆಳಿಗ್ಗೆ ನಾನು ಬರ್ದಿದ್ದು ಎರಡು ಪುಟಾನೂ ಬರೀ ಸುಳ್ಳೇ!”

ವಿಮಲಮ್ಮ ಮರುಕದಿಂದ ತಲೆಯಾಡಿಸಿದರು. “ನೋಡು, ಅದನ್ನೂ ನಿಜಾನೇ ಹೇಳ್ಬಿಟ್ಟೆ.”