ಅತ್ತೆಯ ಸಂಡಿಗೆಗೆ ಬರುವ ಮಳೆ

ನಮ್ಮ ಸೋದರತ್ತೆಗೆ ಮಳೆ ಬರಿಸುವ ಶಕ್ತಿಯಿತ್ತು. ನೀವು ನಂಬದಿದ್ದರೆ ಬಿಡಿ, ಸೂಲಿಬೆಲೆಯ ಆಸುಪಾಸಿನಲ್ಲಿ ರಾಗಿ ಬಿತ್ತುವವರೆಲ್ಲ ನಂಬಿದ್ದರು! ಅವಳೇನೂ ಹರಕೆ ಹೊರುತ್ತಿರಲಿಲ್ಲ, ಜಪ ಮಾಡುತ್ತಿರಲಿಲ್ಲ. ಅಕ್ಕಿ ನೆನೆಸಿ, ರುಬ್ಬಿ, ಹಿಟ್ಟು ಕಾಯಿಸಿ, ಮಾಳಿಗೆಯ ಮೇಲೆ ಹಳೆಯ ಸೀರೆ ಹಾಸಿ ಸಂಡಿಗೆ ಇಡುತ್ತಿದ್ದಳು. ಅಷ್ಟೇ. ಸಂಜೆಯೊಳಗೆ ಮೋಡ ಕವಿದು ಮಳೆ ಹೊಡೆಯುತ್ತಿತ್ತು. ಅವಳ ಸಂಡಿಗೆ ಬಿಸಿಲಲ್ಲಿ ಪೂರ್ತಿ ಒಣಗಿದ್ದನ್ನು ಕಂಡವರಿಲ್ಲ. ಅರ್ಧ ಒಣಗಿದ್ದನ್ನು ಬಾಚಿ ತಂದು ಒಲೆಯ ಮೇಲಿನ ಅಟ್ಟದಲ್ಲಿ ಹರಡುತ್ತಿದ್ದಳು. ಆ ಹೊಗೆವಾಸನೆಯ ಸಂಡಿಗೆಯೆಂದರೆ ನಾವೆಲ್ಲ ಮೂಗು ಮುರಿಯುತ್ತಿದ್ದೆವು. ಅವಳ ಒಬ್ಬನೇ ಮಗನಿಗೆ ಮಾತ್ರ ಅದೇ ಪ್ರಾಣ.

ಅದು ಯುದ್ಧದ ಕಾಲ. ನಾನು ಹೊಸಕೋಟೆಯಲ್ಲಿ ಮೇಷ್ಟ್ರು. ಭಾನುವಾರ ಇದ್ದಿಲಿನ ಗ್ಯಾಸಿನಲ್ಲಿ ಓಡುವ ಬಸ್ಸು ಹತ್ತಿ, ಏರು ಬಂದಲ್ಲೆಲ್ಲ ಇಳಿದು ತಳ್ಳಿ, ವಾರದ ಪತ್ರಿಕೆಗಳೊಂದಿಗೆ ಅತ್ತೆಯ ಊರು ಸೇರುತ್ತಿದ್ದೆ. ಅವಳು ಜಗಲಿಯಲ್ಲಿ ಹುರುಳಿ ಕೇರುತ್ತಾ ಕೂತರೆ ನಾನು ಓದಬೇಕು. ರಷ್ಯಾದಲ್ಲಿ ಘೋರ ಕಾಳಗ ಎಂದು ಗಂಟಲೇರಿಸಿದರೆ ಅವಳ ಪ್ರಶ್ನೆ:

"ಅಲ್ಲಿ ಮಳೆ ಎಂಗಪ್ಪಾ?"

"ಹಿಮ ಬೀಳ್ತಾ ಇದೆಯಂತೆ, ಅತ್ತೆ."

"ಬಿತ್ತನೆ ಆಗೈತಾ?"

"ಅದನ್ನ ಬರೆದಿಲ್ಲ."

"ಮತ್ತಿನ್ನೇನ್ ಬರೆದವ್ನೆ? ಅಷ್ಟು ಜನ ಹೊಡೆದಾಡ್ತಾವ್ರೆ, ನಾಳೆ ಉಣ್ಣೋದೇನು ಅಂತ ಕೇಳೋರು ಮನೇಲಿ ಯಾರೂ ಇಲ್ವಾ?"

ಒಮ್ಮೆ ಪತ್ರಿಕೆಯಲ್ಲಿ 'ಒಣ ಹವೆ ಮುಂದುವರಿಯಲಿದೆ' ಎಂದಿತ್ತು. ಅದನ್ನು ನಂಬಿ ಮಾರನೆಯ ದಿನವೇ ಸಂಡಿಗೆ ಇಟ್ಟಳು. ಮಧ್ಯಾಹ್ನಕ್ಕೇ ಆಲಿಕಲ್ಲು! "ಮಳೆ ವಿಷಯದಲ್ಲೇ ಸುಳ್ಳು ಹೇಳೋನು ಯುದ್ಧದ ವಿಷಯದಲ್ಲಿ ನಿಜ ಹೇಳ್ತಾನಾ?" ಎಂದು ಮುಂದಿನ ಭಾನುವಾರ ನನ್ನನ್ನೇ ಕೇಳಿದಳು.

ಒಂದು ವರ್ಷ ಮಳೆ ತಡವಾದಾಗ ಊರ ಪಟೇಲನೇ ಜಗಲಿಗೆ ಬಂದು ಕೂತ.

"ಅಕ್ಕಯ್ಯಾ, ಅಕ್ಕಿ ನಾವೇ ತಂದ್ಕೊಡ್ತೀವಿ. ಒಂದಿಷ್ಟು ಸಂಡಿಗೆ ಇಟ್ಬಿಡು. ಪುನರ್ವಸು ಮಳೆ ಕಳೀತಾ ಬಂತು."

"ನನ್ನ ಸಂಡಿಗೆ ತಿನ್ನಕ್ಕೆ ಕಣಪ್ಪಾ, ನೆನೆಸಕ್ಕಲ್ಲ. ಮಳೆ ಬೇಕಾದ್ರೆ ಕಪ್ಪೆ ಮದ್ವೆ ಮಾಡ್ಸು."

"ಕಪ್ಪೆಗಿಂತ ನಿನ್ಮೇಲೇ ನಂಬಿಕೆ ಜಾಸ್ತಿ, ಅಕ್ಕಯ್ಯಾ."

ಪಾಪ, ಅವನು ಹೊಗಳಿದ್ದೇ! ಅತ್ತೆ ಗೌರಿ ಹಬ್ಬದವರೆಗೂ ಅವನೊಂದಿಗೆ ಮಾತು ಬಿಟ್ಟಳು.

ಮರುವರ್ಷ ಮಗ ಪಟಾಲಂ ಸೇರಿದ. ಅವನನ್ನು ಬರ್ಮಾಕ್ಕೆ ಕಳಿಸಿದರು. ಅತ್ತೆ ಆ ಬೇಸಿಗೆ ಸಂಡಿಗೆ ಇಡಲಿಲ್ಲ. ಅಕ್ಕಿ ಸಿಗುವುದೇ ಕಷ್ಟವಾಗಿದ್ದ ಕಾಲದಲ್ಲಿ ಹಿಡಿಹಿಡಿಯಾಗಿ ಮಡಕೆಯಲ್ಲಿ ಎತ್ತಿಟ್ಟು, ಅವನು ರಜಕ್ಕೆ ಬಂದಾಗ ಮಾಡುತ್ತೇನೆಂದಳು. ಅಷ್ಟರಲ್ಲಿ ಬರ್ಮಾ ಬಿತ್ತು. ಸಿಪಾಯಿಗಳು ಕಾಡಿನಲ್ಲಿ ನಡೆದು ಬರುತ್ತಿದ್ದಾರೆಂದು ಪತ್ರಿಕೆಯಲ್ಲಿ ಬಂತು. ಮಗನಿಂದ ಒಂದು ಸುದ್ದಿಯೂ ಇಲ್ಲ. ನಾನು ತಡವರಿಸುತ್ತಾ ಓದಿ ಮುಗಿಸಿದೆ.

"ಅಲ್ಲಿ ಮಳೆ ಎಂಗಪ್ಪಾ?" ಎಂದಳು.

"ಜೋರಂತೆ, ಅತ್ತೆ."

ಅವಳು ಕೇರುತ್ತಿದ್ದ ಮೊರವನ್ನು ಕೆಳಗಿಟ್ಟು ಎದ್ದು ಒಳಗೆ ಹೋದಳು.

ನಮ್ಮ ಕಡೆ ಮಾತ್ರ ಮಳೆಯಿಲ್ಲ. ಪುನರ್ವಸು ಹೋಯಿತು, ಪುಷ್ಯವೂ ಅರ್ಧ ಕಳೆಯಿತು, ಉತ್ತ ಹೊಲಗಳಲ್ಲಿ ಧೂಳು ಏಳುತ್ತಿತ್ತು. ಈ ಸಲ ಅವಳ ಜಗಲಿಗೆ ಯಾರೂ ಬರಲಿಲ್ಲ. ಮಗನ ಸುದ್ದಿಯಿಲ್ಲದ ತಾಯಿಯ ಹತ್ತಿರ ಸಂಡಿಗೆ ಇಡು ಎನ್ನಲು ಯಾರಿಗೆ ಬಾಯಿ ಬಂದೀತು? ಪಟೇಲನಂತೂ ಆ ಬೀದಿಯಲ್ಲಿ ತಲೆ ತಗ್ಗಿಸಿ ಹೋಗುತ್ತಿದ್ದ.

ಮುಂದಿನ ಭಾನುವಾರ ಹೋದಾಗ ಅತ್ತೆ ಮಾಳಿಗೆಯ ಮೇಲಿದ್ದಳು. ಸೀರೆ ಹಾಸಿ ಸಂಡಿಗೆ ಇಡುತ್ತಿದ್ದಳು. ಅಡಿಗೆಮನೆಯಲ್ಲಿ ಅಕ್ಕಿಯ ಮಡಕೆ ಬೋರಲು ಬಿದ್ದಿತ್ತು.

"ಯಾರಾದ್ರೂ ಕೇಳಿದ್ರಾ, ಅತ್ತೆ?"

"ಕೇಳಿದ್ರೆ ಇಡ್ತಿರ್ಲಿಲ್ಲ."

ಸಂಜೆ ಪಡುವಣದಿಂದ ಮೋಡ ಎದ್ದಿತು. ಮೊದಲ ಹನಿ ಬೀಳುತ್ತಲೇ ನಾನು ಓಡಿ ಸೀರೆಯ ಅಂಚು ಹಿಡಿದೆ. ಅತ್ತೆ ನನ್ನ ಕೈ ಹಿಡಿದು ತಡೆದಳು.

"ಬಿಡಪ್ಪಾ, ನೆನೀಲಿ. ಇಲ್ಲಿ ನಾಕು ಜನಕ್ಕೆ ರಾಗಿ ಇಟ್ಟಾದ್ರೆ, ಅಲ್ಲಿ ಯಾವಳಾದ್ರೂ ಒಬ್ಬಳು ನನ್ ಮಗನಿಗೆ ಒಂದು ತುತ್ತು ಇಕ್ತಾಳೆ."

ಮಳೆ ಬಿರುಸಾಯಿತು. ಸಂಡಿಗೆಯೆಲ್ಲ ಕರಗಿ, ಮಾಳಿಗೆಯ ನೀರಿನೊಂದಿಗೆ ಬೆಳ್ಳಗೆ ಬೀದಿಗೆ ಹರಿಯಿತು. ಅದು ಪೂರ್ತಿ ಹರಿದು ಹೋಗುವವರೆಗೂ ಅತ್ತೆ ನನ್ನ ಕೈ ಬಿಡಲಿಲ್ಲ.